ಬೂದಿಮನೆಯ ನಾದಿನಿ

ಕಡಲ ನಡುವಿನ ದ್ವೀಪವೊಂದರ ಲೋಲೊವಾರ ಊರಿನಲ್ಲಿ ಬೂದಿ ಉಗುಳುವ ಮನಾರೊ ಬೆಟ್ಟದ ಮನಸ್ಸು ತಿಳಿಯುವ ಕೆಲಸ ಎಸ್ತಾ ಗರಾಯೆಯದು. ಅದು ಅವಳಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ. ಕೆಲಸವೇನೂ ದೊಡ್ಡದಲ್ಲ. ಬೆಳಿಗ್ಗೆ ತೆಂಗಿನ ಹಾಲು ಹಿಂಡಿದ ಕೈಯನ್ನು ಜಿಡ್ಡಾಗಿಯೇ ಇಟ್ಟುಕೊಂಡು ಊರ ಹಿಂದಿನ ಒರತೆಗೆ ಹೋಗಬೇಕು. ನೀರಲ್ಲಿ ಕೈ ಅದ್ದಿ ಹತ್ತು ಉಸಿರು ಎಣಿಸಬೇಕು. ಆಮೇಲೆ ಎತ್ತಿ ನೋಡಬೇಕು. ಜಿಡ್ಡು ಹಾಗೇ ಇದ್ದರೆ ಬೆಟ್ಟ ಮಲಗಿದೆ. ಬೆರಳ ಸಂದಿಯಲ್ಲಿ ಮಾತ್ರ ಉಳಿದಿದ್ದರೆ ಮಗ್ಗುಲು ಬದಲಿಸುತ್ತಿದೆ. ಉಜ್ಜದೆಯೇ ಕೈ ಶುಭ್ರವಾಗಿದ್ದರೆ ಗಂಟುಮೂಟೆ ಕಟ್ಟಬೇಕು.

ಆ ಗುರುವಾರ ಎಸ್ತಾ ಕೈ ಎತ್ತಿ ನೋಡಿದಳು. ಭಾನುವಾರ ಚರ್ಚಿಗೆ ಹೊರಟವಳ ಕೈಯ ಹಾಗೆ ಶುಭ್ರವಾಗಿತ್ತು.

ಅವಳು ಮನೆಗೆ ಹಿಂದಿರುಗಿ ಇನ್ನೊಂದು ಕಾಯಿ ತುರಿದಳು. ಗಟ್ಟಿ ಹಾಲು ಹಿಂಡಿ ಮೊಣಕೈವರೆಗೂ ಬಳಿದುಕೊಂಡು ಮತ್ತೆ ಬಂದಳು. ಮತ್ತೆ ಅದ್ದಿದಳು. ಉಸಿರು ಏಳಾಗುವಷ್ಟರಲ್ಲಿ ಜಿಡ್ಡು ಬಿಟ್ಟು ನೀರ ಮೇಲೆ ತೇಲಿತು. ಬೆಂಕಿಕಡ್ಡಿ ಗೀರಿದ ವಾಸನೆಯೂ ಮೂಗಿಗೆ ಬಂತು.

"ಈಗಲೇ ಬೇಕಿತ್ತಾ ನಿನಗೆ?" ಎಂದು ಅವಳು ಬೆಟ್ಟವನ್ನು ಕೇಳಿದಳು.

ಹೆದರಿ ಕೇಳಿದ್ದಲ್ಲ. ಮನಾರೊ ಬೂದಿ ಉಗುಳಿದ್ದನ್ನು ಅವಳು ಆಗಲೇ ಮೂರು ಸಲ ಕಂಡಿದ್ದಳು. ಅವಳ ತೊಂದರೆ ಬೆಟ್ಟದ್ದಲ್ಲ, ವಿನಿಯದು.

ಲೋಲೊವಾರದ ಪ್ರತಿ ಮನೆಗೂ ಕೆಳಗೆ ಕಡಲ ದಂಡೆಯ ವೈತಲಿಯಲ್ಲಿ ಒಂದೊಂದು ಬೂದಿಮನೆ ಇದೆ. ಬೆಟ್ಟ ಉಗುಳಿದರೆ ಯಾರು ಯಾರ ಮನೆಗೆ ಹೋಗಬೇಕೆಂಬುದು ಮುತ್ತಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಕಡಲು ಕೆರಳಿದರೆ ವೈತಲಿಯವರು ಅದೇ ಲೆಕ್ಕದಲ್ಲಿ ಮೇಲೆ ಬರುತ್ತಾರೆ. ನಡುವಿನ ಕಾಲುದಾರಿಗೆ ಹುಲ್ಲು ಬೆಳೆಯದಿರಲೆಂದು ತಲೆಮಾರಿಗೊಂದು ಹೆಣ್ಣನ್ನು ಮೇಲಿನ ಮನೆಯಿಂದ ಕೆಳಗಿನ ಮನೆಗೆ ಕೊಡುತ್ತಾರೆ. ಎಸ್ತಾಳ ಮನೆಯಿಂದ ಹಾಗೆ ಹೋದವಳು ಅವಳ ಗಂಡ ಬೂಲೆಯ ತಂಗಿ ವಿನಿ. ಎಸ್ತಾ ಮತ್ತು ವಿನಿ ಮಾತುಬಿಟ್ಟು ಹನ್ನೆರಡು ವರ್ಷವಾಗಿತ್ತು.

ಜಗಳ ಹುಟ್ಟಿದ್ದು ಎಸ್ತಾಳ ಮಗಳ ಮದುವೆಯಲ್ಲಿ. ಆ ದ್ವೀಪದಲ್ಲಿ ಹೆಂಗಸಿನ ಮರ್ಯಾದೆ ಇರುವುದು ಅವಳು ಹೆಣೆದ ಕೇದಗೆ ಎಲೆಯ ಚಾಪೆಯಲ್ಲಿ, ಅದಕ್ಕೆ ಹಾಕಿದ ಕೆಂಪಿನಲ್ಲಿ. ಎಸ್ತಾ ಬೀಗರ ಮುಂದೆ ಹಾಸಿದ ಚಾಪೆ ನೋಡಿ ಎಲ್ಲರೂ ಮೆಚ್ಚಿ ತಲೆದೂಗಿದರು. ವಿನಿ ಮಾತ್ರ ಬಗ್ಗಿ, ಹೆಬ್ಬೆರಳಿನಿಂದ ಅಂಚು ತಿಕ್ಕಿ, ಮೂಸಿ ನೋಡಿ, "ಬಣ್ಣ ಚೆನ್ನಾಗಿದೆ ಅತ್ತಿಗೆ. ಯಾವ ಅಂಗಡೀದು?" ಎಂದಳು.

ತೊಗಟೆ ಬೇಯಿಸಿ ಬಣ್ಣ ತೆಗೆಯುವ ಹೆಂಗಸಿಗೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಎಸ್ತಾ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಕಡಲ ಗಾಳಿಗೆ ಕೆಲವರ ಕಣ್ಣಿಗೆ ಪೊರೆ ಬರುತ್ತೆ" ಎಂದಳು. ಅದೇ ಕೊನೆಯ ಮಾತು.

ನಿಜ ಹೇಳಬೇಕೆಂದರೆ ಅದು ಅಂಗಡಿಯ ಬಣ್ಣವೇ ಆಗಿತ್ತು. ಆ ವರ್ಷ ಚಂಡಮಾರುತ ಬಣ್ಣದ ಮರಗಳನ್ನು ಕೆಡವಿಹಾಕಿತ್ತು, ಮದುವೆಯ ದಿನ ಮಾತ್ರ ಮುಂದಕ್ಕೆ ಹೋಗುವಂತಿರಲಿಲ್ಲ. ಸುಳ್ಳು ಆರೋಪವಾಗಿದ್ದರೆ ಎಸ್ತಾ ಒಂದೇ ವಾರದಲ್ಲಿ ಮರೆತಿರುತ್ತಿದ್ದಳು. ನಿಜವಾದ್ದರಿಂದಲೇ ಹನ್ನೆರಡು ವರ್ಷ ಕ್ಷಮಿಸಲಾಗಲಿಲ್ಲ.

ಈಗ ಬೆಟ್ಟ ಏಳುತ್ತಿದೆ ಎಂದು ಬಾಯಿಬಿಟ್ಟರೆ ಊರಿಗೆ ಊರೇ ಇಳಿದು ಹೋಗಬೇಕು. ಇವಳು ವಿನಿಯ ಹೊಸ್ತಿಲು ದಾಟಬೇಕು.

ಅವಳು ಒರತೆಯಿಂದ ಬರುವುದನ್ನೇ ಸೆಲ್ವಿನ್ ಬಾನಿ ಕಾಯುತ್ತಿದ್ದ. ಅವನು ಶಾಲೆಯ ಮೇಷ್ಟ್ರು, ಊರ ವಿಪತ್ತು ಸಮಿತಿಯ ಅಧ್ಯಕ್ಷನೂ ಹೌದು. ಕೊರಳಲ್ಲಿ ಸೀಟಿ, ಮೈಮೇಲೆ ಕಿತ್ತಳೆ ಬಣ್ಣದ ಅಂಗಿ. ದಿನಾ ಬೆಳಿಗ್ಗೆ ಮಾವಿನ ಮರ ಹತ್ತಿ, ಸಿಗ್ನಲ್ ಸಿಗುವ ಕೊಂಬೆಯಲ್ಲಿ ಕೂತು ಪಟ್ಟಣದ ಕಚೇರಿಗೆ ಫೋನ್ ಮಾಡಿ, ಬೆಟ್ಟದ ಅಪಾಯ ಎಷ್ಟೆಂದು ಅವರು ಹೇಳಿದ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ.

"ಇವತ್ತೂ ಎರಡೇ ಅಂದ್ರು ಎಸ್ತಕ್ಕ. ಬರೀಲಾ?"

"ನನ್ನ ಯಾಕೆ ಕೇಳ್ತೀಯ? ಬೋರ್ಡು ನಿಂದು."

"ಬೋರ್ಡು ನಂದು, ಬೆಟ್ಟ ನಿಮ್ದಲ್ವಾ? ನೀರು ಹೇಗಿದೆ?"

"ನೀರಿನ ಹಾಗೇ ಇದೆ."

ಸೆಲ್ವಿನ್ ಅವಳ ಶುಭ್ರವಾದ ಕೈ ನೋಡಿದ. ಎಸ್ತಾ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವನು ಬೋರ್ಡಿನ ಮೇಲೆ ಎರಡು ಎಂದು ಬರೆದ. ಸುಣ್ಣದ ಕಡ್ಡಿಯನ್ನು ಮಾತ್ರ ಪೆಟ್ಟಿಗೆಯಲ್ಲಿಡದೆ ಕಿವಿಗೆ ಸಿಕ್ಕಿಸಿಕೊಂಡ.

ಮಧ್ಯಾಹ್ನ ಕೆಸುವಿನ ತೋಟದಲ್ಲಿ ಎಲೆಗಳ ತುದಿ ಕಂದಿದ್ದನ್ನು ಅವಳು ನೋಡಿದಳು. ಸಂಜೆಗೆ ನೆಲದ ಏಡಿಗಳು ಬೆಟ್ಟದ ಕಡೆಯಿಂದ ಸಾಲುಸಾಲಾಗಿ ಇಳಿದು ಅಂಗಳ ದಾಟಿದವು. ಎಸ್ತಾ ಒಂದನ್ನು ಪೊರಕೆಯಿಂದ ತಿರುಗಿಸಿ ಬೆಟ್ಟದ ಕಡೆ ಮುಖ ಮಾಡಿಸಿದಳು. ಅದು ಅವಳ ಕಾಲು ಬಳಸಿಕೊಂಡು ಮತ್ತೆ ಕೆಳಗೇ ಹೊರಟಿತು.

"ಏಡಿಗೂ ಬುದ್ಧಿ ಇದೆ" ಎಂದ ಜಗಲಿಯ ಮೇಲೆ ಕೂತಿದ್ದ ಬೂಲೆ.

"ಏನಂದ್ರಿ?"

"ಏಡಿ ರುಚಿಯಾಗಿರುತ್ತೆ ಅಂದೆ."

ಬೂಲೆಯ ಪಾಡು ಬೇರೆಯೇ ಇತ್ತು. ದೊಡ್ಡವರಾದ ಅಣ್ಣ ತಂಗಿ ಎದುರೆದುರು ನಿಂತು ಹರಟುವ ಪದ್ಧತಿ ಆ ದ್ವೀಪದಲ್ಲಿಲ್ಲ. ಮೊದಲಾದರೆ ಅಣ್ಣನ ಮಾತನ್ನು ತಂಗಿಗೂ ತಂಗಿಯ ಮಾತನ್ನು ಅಣ್ಣನಿಗೂ ಎಸ್ತಾಳೇ ಮುಟ್ಟಿಸುತ್ತಿದ್ದಳು. ಅವಳು ಮಾತುಬಿಟ್ಟ ಮೇಲೆ ಬೂಲೆ ವರ್ಷಕ್ಕೊಮ್ಮೆ ದೀವಿಹಲಸು ಹೊತ್ತು ವೈತಲಿಗೆ ಹೋಗಿ, ವಿನಿಯ ಅಂಗಳದ ತೆಂಗಿನ ಮರದ ಮುಂದೆ ನಿಂತು ಮನೆಯ ಸುದ್ದಿಯನ್ನೆಲ್ಲ ಮರಕ್ಕೆ ಹೇಳಿ ಬರುತ್ತಿದ್ದ. ಒಳಗಿನಿಂದ ವಿನಿ ಕೆಮ್ಮಿದರೆ ಕೇಳಿಸಿತು ಎಂದರ್ಥ.

ಎಸ್ತಾಳಿಗೆ ರಾತ್ರಿ ಊಟ ಸೇರಲಿಲ್ಲ. ಒಂದೇ ದಿನ ನೋಡೋಣ, ಬೆಟ್ಟಕ್ಕೆ ಅಜೀರ್ಣವಾಗಿದ್ದರೂ ಆಗಿರಬಹುದು ಎಂದುಕೊಂಡಳು. ಆದರೂ ಕೈ ಸುಮ್ಮನಿರಲಿಲ್ಲ. ಒಣಗಲು ಹಾಕಿದ್ದ ಕೇದಗೆ ಎಲೆಯನ್ನು ಸುತ್ತಿ ಒಳಗಿಟ್ಟಳು. ಒಳಗಿಟ್ಟದ್ದು ಯಾರಿಗೂ ಗೊತ್ತಾಗಬಾರದೆಂದು ಅದರ ಜಾಗದಲ್ಲಿ ಹಳೆಯ ಹರಕು ಎಲೆ ಹರಡಿದಳು. ನೀರಿನ ಗುಡಾಣಕ್ಕೆ ಬಾಳೆ ಎಲೆ ಕಟ್ಟಿ, ಮೇಲೆ ಬುಟ್ಟಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಒರತೆಗೆ ಹೊರಟಾಗ ಊರೇ ವಿಚಿತ್ರವಾಗಿ ಕಂಡಿತು. ಪಕ್ಕದ ಮನೆಯ ತಾಂಬೆ ತನ್ನ ಹಂದಿಗೆ ಹಗ್ಗ ಕಟ್ಟಿ ಹಿಡಿದು ನಿಂತಿದ್ದ.

"ಎಲ್ಲಿಗೋ?"

"ಎಲ್ಲಿಗೂ ಇಲ್ಲ. ಹಂದಿಗೆ ಗಾಳಿ ಬೇಕಂತೆ."

ಅವನ ಹೆಂಡತಿ ಪಾತ್ರೆಗಳನ್ನೆಲ್ಲ ಒಂದೇ ಚಾದರದಲ್ಲಿ ಗಂಟು ಕಟ್ಟುತ್ತಿದ್ದಳು. ಎಸ್ತಾಳನ್ನು ಕಂಡು ಗಂಟಿನ ಮೇಲೆ ಕೂತು ತಲೆ ಬಾಚಿಕೊಳ್ಳತೊಡಗಿದಳು. ಅದರಾಚೆ, ವರ್ಷದಿಂದ ಹಾಸಿಗೆ ಹಿಡಿದಿದ್ದ ಮುದುಕ ವುಟಿಯನ್ನು ಮಕ್ಕಳು ಎರಡು ಬಿದಿರಿಗೆ ಕಟ್ಟಿದ ಡೋಲಿಯಲ್ಲಿ ಮಲಗಿಸಿ ಅಂಗಳಕ್ಕೆ ತಂದಿದ್ದರು.

"ಅಪ್ಪನಿಗೆ ಬಿಸಿಲು ಕಾಯಿಸ್ತಿದೀವಿ" ಎಂದ ದೊಡ್ಡ ಮಗ. ಬಿಸಿಲು ಇನ್ನೂ ಬಂದಿರಲಿಲ್ಲ.

ಮುದುಕ ಡೋಲಿಯಿಂದಲೇ ಕತ್ತು ಎತ್ತಿದ. "ಎಸ್ತಾ, ನಿನ್ನೆ ಸಂಜೆಯಿಂದ ಮಲಗಿಸಿದಾರೆ ಇದರಲ್ಲಿ. ಬೆನ್ನು ಬಿದ್ದುಹೋಯ್ತು. ನಿನ್ನ ಮರ್ಯಾದೆಗೆ ಅಂತ ಎಲ್ಲರೂ ಬಾಯಿಮುಚ್ಕೊಂಡಿದಾರೆ. ನೀನೇ ಹೇಳ್ಲಿ ಅಂತ. ಹೇಳೋದಾದ್ರೆ ಬೇಗ ಹೇಳಿಬಿಡಮ್ಮ."

ಎಸ್ತಾ ನಿಂತಲ್ಲೇ ನಿಂತಳು. ತಾನು ಬಾಯಿಬಿಡಲೆಂದು ಇಡೀ ಊರು ಒಂದು ರಾತ್ರಿ ಗಂಟಿನ ಮೇಲೆ ತಲೆಯಿಟ್ಟು ಮಲಗಿತ್ತು. ನಡುವೆಯೇ ಬೆಟ್ಟ ಉಗುಳಿದ್ದರೆ? ಅಮ್ಮನ ಮುಖ ಕಣ್ಣ ಮುಂದೆ ಬಂತು.  ಒರತೆಯವರೆಗೆ ಅವಳು ಹೋಗಲೇ ಇಲ್ಲ. ಮನೆಗೆ ತಿರುಗಿ, ತೊಲೆಗೆ ನೇತುಹಾಕಿದ್ದ ಶಂಖ ತೆಗೆದು, ಅಂಗಳದ ನಡುವೆ ನಿಂತು ಮೂರು ಸಲ ಊದಿದಳು.

ಸೆಲ್ವಿನ್ ಕಿವಿಯಿಂದ ಸುಣ್ಣದ ಕಡ್ಡಿ ತೆಗೆದು ಬೋರ್ಡಿನ ಮೇಲಿನ ಎರಡನ್ನು ಮೂರು ಮಾಡಿದ. ಆಮೇಲೆ ಮರ ಹತ್ತಿ ಕಚೇರಿಗೆ ಫೋನ್ ಮಾಡಿದ. ಅಲ್ಲಿಯ ಯುವಕ ಯಾವ ಉಪಕರಣದಿಂದ ಗೊತ್ತಾಯಿತೆಂದು ಕೇಳಿದ.

"ತೆಂಗಿನಕಾಯಿ ಸಾರ್" ಎಂದ ಸೆಲ್ವಿನ್. ಆ ಕಡೆಯವನು ಯಂತ್ರ ನೋಡಿ ಬರುತ್ತೇನೆಂದ. ಆಮೇಲೆ ಆ ಯುವಕ, ನಮ್ಮ ಸೂಜಿಯೂ ಮುಂಜಾನೆಯಿಂದ ಅಲುಗಾಡುತ್ತಿದೆ, ಹೊರಡಿ ಎಂದ.

ಶಂಖದ ಸದ್ದು ಅಡಗಿ ಕಾಲು ಗಂಟೆಯಾಗುವಷ್ಟರಲ್ಲಿ ಊರು ಖಾಲಿಯಾಗಿತ್ತು. ಎಲ್ಲರಿಗಿಂತ ಹಿಂದೆ ಉಳಿದದ್ದು ಎಸ್ತಾಳೇ. ಬೂಲೆಯ ಶರ್ಟು ಸಿಗದೆ ಮನೆಯೆಲ್ಲ ಹುಡುಕಿದಳು. ಅವನು ಅದನ್ನು ನಿನ್ನೆಯೇ ಗಂಟಿಗೆ ಹಾಕಿದ್ದ.

ಇಳಿಯುವಾಗ ಕಚೇರಿಯ ನಕ್ಷೆಯಲ್ಲಿದ್ದ ಹೊಸ ರಸ್ತೆಯನ್ನು ಯಾರೂ ಹಿಡಿಯಲಿಲ್ಲ. ಆ ರಸ್ತೆ ಹಳ್ಳ ದಾಟುತ್ತದೆ. ಬೂದಿಯ ಮೇಲೆ ಮಳೆ ಬಿದ್ದರೆ ಹಳ್ಳದಲ್ಲಿ ಬರುವುದು ನೀರಲ್ಲ, ಗಂಜಿಯಂಥ ಕೆಸರು, ಅದರೊಳಗೆ ಮನೆಯಷ್ಟು ದೊಡ್ಡ ಕಲ್ಲು. ಎಲ್ಲರೂ ಎತ್ತರದ ದಿಣ್ಣೆಯ ಮೇಲಿನ ಹಳೆಯ ಕಾಲುದಾರಿಯಲ್ಲೇ ನಡೆದರು. ತಾಂಬೆಯ ಹಂದಿ ಮಾತ್ರ ಹಳ್ಳದ ಕಡೆಗೇ ಎಳೆಯಿತು. ಮೂರು ಜನ ಸೇರಿ ತಳ್ಳಬೇಕಾಯಿತು. ಡೋಲಿಯಲ್ಲಿ ಮಲಗಿದ್ದ ವುಟಿ ದಾರಿಯುದ್ದಕ್ಕೂ ಕಾಲ ಬಳಿ ಕಲ್ಲಿದೆ, ಬೇರಿದೆ ಎಂದು ಹೊತ್ತವರಿಗೆ ಹೇಳುತ್ತಾ ಬಂದ.

ವೈತಲಿಯ ಶಾಲೆಯ ಮೈದಾನದಲ್ಲಿ ನೀಲಿ ತಾಡಪಾಲು ಕಟ್ಟಿ ಆಶ್ರಯ ಕೇಂದ್ರ ಎಂದು ಬೋರ್ಡು ಹಾಕಿದ್ದರು. ಜನ ಅದರಡಿ ಇದ್ದಾರೆಂದು ಕಚೇರಿಗೆ ಫೋಟೊ ಕಳಿಸಬೇಕಿತ್ತು. ಸೆಲ್ವಿನ್ ಎಲ್ಲರನ್ನೂ ನಿಲ್ಲಿಸಿ, ಉದ್ದದವರನ್ನು ಹಿಂದೆ ಕಳಿಸಿ, ಯಾರೂ ನಗಬೇಡಿ, ಕಷ್ಟದಲ್ಲಿದ್ದವರ ಹಾಗೆ ಕಾಣಿ ಎಂದು ಗೋಗರೆದು ಫೋಟೊ ತೆಗೆದ. ಅದು ಮುಗಿದದ್ದೇ ತಡ, ತಂತಮ್ಮ ಗಂಟು ಎತ್ತಿಕೊಂಡು ತಂತಮ್ಮ ಬೂದಿಮನೆಗೆ ಹೊರಟರು. ಎಸ್ತಾ ಒಬ್ಬಳೇ ತಾಡಪಾಲಿನ ಕೆಳಗೆ ಕೂತಳು.

"ಇಲ್ಲೇ ಚೆನ್ನಾಗಿದೆ. ಗಾಳಿ ಬರುತ್ತೆ" ಎಂದಳು.

ಬೂಲೆ ಹೆಂಡತಿಯನ್ನು ನೋಡಿದ. "ಬೂದಿಯೂ ಬರುತ್ತೆ" ಎಂದು, ಗಂಟು ಹೊತ್ತು ನಡೆದ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ಅವಳೂ ಬರುತ್ತಿದ್ದಳು.

ವಿನಿಯ ಅಂಗಳ ಗುಡಿಸಿಟ್ಟಿತ್ತು. ಬರುವವರಿಗೆಂದು ಇನ್ನೊಂದು ಒಲೆ ಹೊಸದಾಗಿ ಹೂಡಿತ್ತು. ಬಾವಿಗೆ ಹಲಗೆ ಮುಚ್ಚಿ, ಅಂಚಿಗೆ ಜೇಡಿ ಮೆತ್ತಿತ್ತು. ಮೆತ್ತಿದ್ದು ಆಗಲೇ ಒಣಗಿ ಬಿರಿದಿತ್ತು, ಎಂದರೆ ನಿನ್ನೆಯದು. ಏಡಿಗಳು ಇಲ್ಲಿಗೂ ಬಂದು ಮುಟ್ಟಿದ್ದವು. ವಿನಿ ಬಾಗಿಲಿಗೆ ಬೆನ್ನು ಮಾಡಿ ಕೆಸುವಿನ ಗೆಡ್ಡೆ ತುರಿಯುತ್ತಿದ್ದಳು. ಬೂಲೆ ತೆಂಗಿನ ಮರದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ನಾವು ಬಂದಿದೀವಿ" ಎಂದು ಮರಕ್ಕೆ ಹೇಳಿದ.

ವಿನಿ ಕೆಮ್ಮಿದಳು. ಆಮೇಲೆ ತುರಿಯುವ ಮಣೆಯನ್ನೇ ನೋಡುತ್ತಾ, "ಮೇಲಿಂದ ಬಂದವರಿಗೆ ಒಳಗಿನ ಮೂಲೆ. ಚಾಪೆ ಹಾಸಿದೆ. ಮನೇಲೇ ಬೇಯಿಸಿದ ಬಣ್ಣ" ಎಂದಳು.

ಎಸ್ತಾ ಬಾಯಿ ತೆರೆದಳು. ಬೂಲೆ ಅವಳ ಸೆರಗಿನಂತೆ ಇಳಿಬಿದ್ದಿದ್ದ ಹೆಗಲ ಬಟ್ಟೆ ಹಿಡಿದು ಮೆಲ್ಲಗೆ ಎಳೆದ. ಬೂದಿಮನೆಗೆ ಒಂದು ಕಟ್ಟಳೆ ಇದೆ. ಆ ಮಾಡಿನ ಕೆಳಗೆ ಹಳೆಯ ಜಗಳ ಎತ್ತುವಂತಿಲ್ಲ. ಎತ್ತಿದವರು ಎರಡೂ ಊರಿಗೆ ಒಂದು ಹಂದಿ ಕೊಯ್ದು ಊಟ ಹಾಕಬೇಕು. ಎಸ್ತಾ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸಂಜೆ ಬೂಲೆ ಹಿತ್ತಲಿನ ಗುಂಡಿ ತೆರೆದ. ಮೇಲಿನ ಮನೆಯವರು ವರ್ಷವರ್ಷವೂ ತಂದು ಹುಗಿಯುವ ದೀವಿಹಲಸು ಅದರೊಳಗೆ ಹುಳಿಹಿಡಿದು ಹಿಟ್ಟಾಗಿ ಕೂತಿರುತ್ತದೆ. ಬೆಟ್ಟ ತೋಟ ಸುಟ್ಟ ವರ್ಷ ಅದೇ ಅನ್ನ. ವಾಸನೆಗೆ ನಾಯಿಗಳು ಬೇಲಿ ಹಾರಿದವು. ಎಸ್ತಾ ಮೂಗು ಮುಚ್ಚದೆ ಬಗ್ಗಿ ನೋಡಿದಳು. ಗುಂಡಿಯ ಒಳಮೈಗೆ ಸುತ್ತ ಹೊದಿಸಿದ ಎಲೆಗಳು ಹಳತಾಗಿರಲಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸದಿದ್ದರೆ ಹಿಟ್ಟು ಕೊಳೆತುಹೋಗುತ್ತದೆ. ಬೂಲೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ. ಉಳಿದ ದಿನ ಯಾರು ಈ ನಾತದೊಳಗೆ ಕೈಹಾಕಿದ್ದರು ಎಂದು ಕೇಳಬೇಕಾದ್ದೇನೂ ಇರಲಿಲ್ಲ.

ಅಂದು ಎಲ್ಲರೂ ಒಂದೇ ಎಲೆಯಲ್ಲಿ ಉಂಡರು, ಕಟ್ಟಳೆಯ ಪ್ರಕಾರ. ಎಸ್ತಾ ತನ್ನ ಪಾಲಿನ ತುಂಡನ್ನು ವಿನಿಯ ಕಡೆ ಸರಿಸಿದಳು. ವಿನಿ ಅದನ್ನು ತಿಂದಳು.

ಶನಿವಾರ ಮಧ್ಯಾಹ್ನ ಮನಾರೊ ಉಗುಳಿತು. ಮೊದಲು ಆಕಾಶದಲ್ಲಿ ಕಪ್ಪು ಹೂಕೋಸು ಬಿಚ್ಚಿಕೊಂಡ ಹಾಗಾಯಿತು, ಆಮೇಲೆ ಹಗಲೇ ಮಸುಕಾಯಿತು. ಬೂದಿ ಸದ್ದಿಲ್ಲದೆ ಇಳಿಯಿತು. ಕೋಳಿಗಳು ಸಂಜೆಯಾಯಿತೆಂದು ಮರ ಹತ್ತಿದವು. ಹುಲ್ಲು ಹೊದಿಸಿದ ಮಾಡಿನ ಮೇಲೆ ಬೂದಿ ಬೆರಳು ದಪ್ಪ ಕೂತರೆ ಗುಡಿಸಬೇಕು. ಅದಕ್ಕೆ ಮುಂಚೆ ಮಳೆ ಬಂದು ನೆನೆದರೆ ಆ ಭಾರಕ್ಕೆ ತೊಲೆ ಮುರಿಯುತ್ತದೆ. ಊರ ಮಾಡುಗಳ ಮೇಲೆಲ್ಲ ಪೊರಕೆಗಳು ಆಡತೊಡಗಿದವು. ವಿನಿಯ ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಬೂಲೆಗೆ ಎತ್ತರ ಕಂಡರೆ ತಲೆ ತಿರುಗುತ್ತದೆ. ಎಸ್ತಾ ಬಾಯಿಗೆ ಬಟ್ಟೆ ಕಟ್ಟಿ, ತೆಂಗಿನ ಪೊರಕೆ ಹಿಡಿದು, ಏಣಿ ಹತ್ತಿದಳು. ಏಣಿಯ ಬುಡ ಹಿಡಿದವಳು ವಿನಿ.

ಎಸ್ತಾ ಅರ್ಧ ಮಾಡು ಗುಡಿಸಿದಳು. ಆಮೇಲೆ ಕೆಳಗಿನಿಂದ ದನಿ ಬಂತು.

"ಅತ್ತಿಗೆ."

ಎಸ್ತಾಳ ಪೊರಕೆ ನಿಂತಿತು. ಹನ್ನೆರಡು ವರ್ಷದ ಮೇಲೆ ಕೇಳಿದ ಕರೆ.

"ಏನು?"

"ಕೆಂಪು ಯಾವ ಅಂಗಡೀದು?"

"ಹಳೇ ಜಗಳ ಎತ್ತಬಾರದು ವಿನಿ. ಹಂದಿ ಕೊಯ್ಯಬೇಕಾಗುತ್ತೆ."

"ಮಾಡಿನ ಕೆಳಗೆ ಎತ್ತಬಾರದು. ನೀವು ಮಾಡಿನ ಮೇಲಿದೀರಿ. ನಾನು ಅಂಗಳದಲ್ಲಿದೀನಿ."

ಎಸ್ತಾ ಯೋಚಿಸಿ ನೋಡಿದಳು. ಮುತ್ತಜ್ಜಂದಿರು ಮಾಡಿನ ಮೇಲಿನ ಮಾತು ಹೇಳಿರಲಿಲ್ಲ. ಅವಳು ಇಳಿಯಲೆಂದು ಒಂದು ಕಾಲು ಏಣಿಯ ಮೇಲಿಟ್ಟಳು. ಏಣಿ ಸ್ವಲ್ಪ ಅಲುಗಿತು.

"ಏಣಿ ಸರಿಯಾಗಿ ಹಿಡಿ."

"ಹಿಡಿದಿದೀನಿ. ಉತ್ತರ ಬರಲಿ ಅಂತಾನೇ ಹಿಡಿದಿದೀನಿ."

ಎಸ್ತಾ ಸುತ್ತ ನೋಡಿದಳು. ಪಕ್ಕದ ಮಾಡಿನ ಮೇಲಿದ್ದ ತಾಂಬೆ ಗುಡಿಸುವುದನ್ನು ನಿಲ್ಲಿಸಿದ್ದ. ಅದರಾಚೆಯ ಮಾಡಿನ ಮೇಲೆ ಸೆಲ್ವಿನ್ ಕೂಡ. ಕಿತ್ತಳೆ ಅಂಗಿ ಬೂದಿಬಣ್ಣವಾಗಿತ್ತು, ಕಿವಿ ಮಾತ್ರ ಈ ಕಡೆಗಿತ್ತು. ಬೂದಿ ರೆಪ್ಪೆಯ ಮೇಲೆ, ತುಟಿಯ ಮೇಲೆ ಬೀಳುತ್ತಿತ್ತು. ಈ ವಯಸ್ಸಿನಲ್ಲಿ, ಈ ವೇಷದಲ್ಲಿ, ಇನ್ನೂ ಏನನ್ನು ಬಚ್ಚಿಡುವುದು ಎನ್ನಿಸಿತು ಅವಳಿಗೆ.

"ದೋಣಿ ಕಟ್ಟೆ ಹತ್ರದ ಅಂಗಡೀದು" ಎಂದಳು. "ಪುಟ್ಟ ಡಬ್ಬಿ. ಮುಚ್ಚಳದ ಮೇಲೆ ಗಿಳಿ ಚಿತ್ರ. ಸಾಕಾ?"

 ಏಣಿ ಮತ್ತೆ ಅಲುಗಿತು, ಆಮೇಲೆ ಗಡಗಡ ನಡುಗತೊಡಗಿತು. ಬೆಟ್ಟವೇ ನಡುಗಿಸುತ್ತಿದೆ ಎಂದು ಹೆದರಿ ಎಸ್ತಾ ಹುಲ್ಲು ಹಿಡಿದುಕೊಂಡು ಬಗ್ಗಿ ನೋಡಿದಳು. ವಿನಿ ನಗುತ್ತಿದ್ದಳು. ಬೂದಿ ಮೆತ್ತಿದ ಮುಖದ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು.

"ಗಿಳಿ ಅಲ್ಲ ಅತ್ತಿಗೆ, ಪಾರಿವಾಳ. ನನ್ನ ಹತ್ರ ಇನ್ನೂ ಆ ಡಬ್ಬಿ ಇದೆ, ಗುಂಡಿ ಸೂಜಿ ಹಾಕಿಟ್ಟಿದೀನಿ. ಆ ವರ್ಷ ನನಗೆ ಮಾತ್ರ ಮರ ಎಲ್ಲಿತ್ತು? ಮೂಸಿದ ಕೂಡಲೇ ಗೊತ್ತಾಯ್ತು. ಅದೇ ವಾಸನೆ ನನ್ನ ಚಾಪೆಗೂ ಇತ್ತಲ್ಲ."

"ನೀನೂ ತಂದಿದ್ದೆಯಾ?"

"ನಿಮಗಿಂತ ಒಂದು ವಾರ ಮುಂಚೆ."

"ಮತ್ತೆ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದೆಯಲ್ಲೇ."

"ಇಬ್ಬರೂ ನಗ್ತೀವಿ ಅಂತ ಅಂದುಕೊಂಡೆ. ನೀವು ಚಾಪೆ ಸುತ್ತಿಕೊಂಡು ಹೊರಟೇ ಬಿಟ್ರಿ. ಆಮೇಲೆ ಹೇಗೆ ಹೇಳೋದು? ಅಣ್ಣ ಬಂದು ಮರಕ್ಕೆ ಹೇಳ್ತಾನೆ, ಮರ ವಾಪಸ್ಸು ಹೇಳಲ್ಲ."

ಎಸ್ತಾ ಪೊರಕೆಯಲ್ಲಿದ್ದ ಬೂದಿಯನ್ನೆಲ್ಲ ನಾದಿನಿಯ ತಲೆಯ ಮೇಲೆ ಕೊಡವಿದಳು. ಆಮೇಲೆ ಮಾಡಿನ ಮೇಲೆಯೇ ಕೂತು, ಬಾಯಿಯ ಬಟ್ಟೆ ಒದ್ದೆಯಾಗುವಷ್ಟು ನಕ್ಕಳು. ಪಕ್ಕದ ಮಾಡಿನ ತಾಂಬೆಯೂ ನಕ್ಕ. ನಿನ್ನ ಮಾಡು ಗುಡಿಸಿಕೋ ಎಂದು ಇಬ್ಬರೂ ಒಟ್ಟಿಗೆ ಅವನನ್ನು ಬೈದರು. ಅವರಿಬ್ಬರಿಗೂ ಒಂದೇ ಅಭಿಪ್ರಾಯವಿದ್ದದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಬೂದಿ ಒಂಬತ್ತು ದಿನ ಬಿತ್ತು. ಹತ್ತನೆಯ ದಿನ ಮಳೆ ಸುರಿದು ಹಳ್ಳದಲ್ಲಿ ಕೆಸರು ಬಂದು ಹೊಸ ರಸ್ತೆಯ ಸೇತುವೆಯನ್ನು ಕಡಲಿಗೆ ತಳ್ಳಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಐದು ವಾರ ಅವರು ವೈತಲಿಯಲ್ಲೇ ಇದ್ದರು. ಹುಳಿಹಿಟ್ಟು ತಿಂದು ತಿಂದು ಎಲ್ಲರ ಬಾಯೂ ಒಂದೇ ತರಹ ನಾರುತ್ತಿದ್ದರಿಂದ ಯಾರಿಗೂ ಬೇಸರವಾಗಲಿಲ್ಲ. ನಡುವೆ ಕಚೇರಿಯಿಂದ ಅಕ್ಕಿ ಮತ್ತು ಡಬ್ಬಿ ಮೀನು ಬಂತು. ವೈತಲಿಯವರನ್ನೂ ಮೇಲಿನವರನ್ನೂ ಸೇರಿಸಿ ಹಂಚಿಕೊಂಡರು.

ಲೋಲೊವಾರಕ್ಕೆ ಹಿಂದಿರುಗಿದಾಗ ತೋಟವೆಲ್ಲ ಬೂದು. ಕೆಸು ಸತ್ತಿತ್ತು, ಬಾಳೆ ಬಿದ್ದಿತ್ತು. ಹೆಗ್ಗೆಣಸು ಮಾತ್ರ ನೆಲದೊಳಗೆ ಉಳಿದಿತ್ತು. ಎಸ್ತಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕಣ್ಣಲ್ಲಿ ನೀರು ಬಂತು. ಕಣ್ಣಿಗೆ ಬೂದಿ ಬಿತ್ತು ಎಂದು ಬೂಲೆಗೆ ಹೇಳಿದಳು. ಬೀಳುವ ಬೂದಿ ಆಗ ಇರಲಿಲ್ಲ, ಬೂಲೆ ಹೌದೆಂದ.

ನಾಲ್ಕನೆಯ ದಿನ ವೈತಲಿಯ ಹೆಂಗಸರು ದಿಣ್ಣೆಯ ದಾರಿಯಲ್ಲಿ ಸಾಲಾಗಿ ಬಂದರು. ಪ್ರತಿಯೊಬ್ಬಳ ಬೆನ್ನಿನ ಮೇಲೆ ನಾಟಿಗೆ ಕೆಸುವಿನ ತಲೆಗಳು, ಹೆಗ್ಗೆಣಸಿನ ಬಿತ್ತನೆಗೆಡ್ಡೆ. ವಿನಿಯ ಹೊರೆ ಎಲ್ಲರಿಗಿಂತ ದೊಡ್ಡದಿತ್ತು. ಅವಳು ಅದನ್ನು ಇಳಿಸಿ, ನೀರು ಕುಡಿದು, ಅಗೆಯುವ ಕೋಲು ತೆಗೆದುಕೊಂಡಳು. ಎರಡು ದಿನ ಇದ್ದು ಹೋಗುತ್ತೇನೆ ಎಂದಳು.

ಬೂದಿಯ ಪದರ ತೂರಿ, ಕೆಳಗಿನ ಕಪ್ಪು ಮಣ್ಣು ಸಿಗುವವರೆಗೆ ಕೋಲು ಇಳಿಸಿ ನಾಟಿ ಮಾಡಬೇಕು. ಎಸ್ತಾ ನಾಲ್ಕು ಗುಂಡಿ ಮಾಡಿದಳು. ವಿನಿ ಬಂದು ಬಗ್ಗಿ ನೋಡಿದಳು.

"ಇಷ್ಟೇ ಆಳಾನಾ ಅತ್ತಿಗೆ? ಇದರಲ್ಲಿ ಕೋಳಿ ಮೊಟ್ಟೆ ಇಡಬಹುದು."

"ಬೆಟ್ಟದ ಮಣ್ಣು ನಿನಗೇನು ಗೊತ್ತು? ಮರಳಲ್ಲಿ ಸಂಸಾರ ಮಾಡಿದವಳು."

"ಇದೇ ತೋಟದ ಮಣ್ಣಲ್ಲಿ ಹುಟ್ಟಿದವಳು ನಾನು. ನೀವು ಈ ಮನೆಗೆ ಸೊಸೆಯಾಗಿ ಬಂದವರು."

"ಹುಟ್ಟಿದವಳು ಬಿಟ್ಟು ಹೋದಳು, ಬಂದವಳು ಉಳಿದಳು. ಕೋಲು ಕೊಡು ಇಲ್ಲಿ."

"ಕೊಡಲ್ಲ."

ತೋಟದ ತುದಿಯಲ್ಲಿ ಬೂಲೆ ನಾಟಿಯ ಬುಟ್ಟಿ ಹಿಡಿದು ನಿಂತಿದ್ದ. ಯಾವ ಗುಂಡಿಗೆ ಗೆಡ್ಡೆ ಹಾಕಿದರೂ ಒಬ್ಬಳು ಬೈಯುತ್ತಾಳೆಂದು ಅವನಿಗೆ ಗೊತ್ತಿತ್ತು. ಅವನು ಬುಟ್ಟಿ ಕೆಳಗಿಟ್ಟು, ಸತ್ತ ಬಾಳೆಯ ಬುಡದಲ್ಲಿ ಆರಾಮಾಗಿ ಕೂತ. ಎರಡು ದಿನಕ್ಕೆ ಬಂದ ವಿನಿ ಹದಿನೆಂಟು ದಿನ ಇದ್ದಳು. ಅಷ್ಟು ದಿನವೂ ಆ ತೋಟದಲ್ಲಿ ಬಾಯಿಗೆ ಬಿಡುವಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೂದಿಯ ಮೇಲೆ ಕೆಸುವಿನ ಎಲೆ ಕೊಡೆಯಷ್ಟು ಅಗಲವಾಗಿ ಎದ್ದು ನಿಂತಿತು. ಆಳದ ಗುಂಡಿಯದೂ, ಮೇಲುಮೇಲೆ ತೋಡಿದ ಗುಂಡಿಯದೂ.